ಫೋನಿನ ಪರದೆ ಏಕೆ ಕತ್ತಲಾಯಿತು?

ಬ್ಯಾಂಕಿನ ಸಹಾಯವಾಣಿಗೆ ಫೋನು ಮಾಡಿದ್ದೇವೆ ಎಂದು ಇಟ್ಟುಕೊಳ್ಳೋಣ. ಕನ್ನಡಕ್ಕೆ ಇಂಥ ಅಂಕೆಯನ್ನು ಒತ್ತಿ, ಕಳೆದುಹೋದ ಕಾರ್ಡನ್ನು ತಡೆಹಿಡಿಯಲು ಇಂಥ ಅಂಕೆಯನ್ನು ಒತ್ತಿ ಎಂದು ಅತ್ತಲಿಂದ ಮುದ್ರಿತ ಧ್ವನಿಯೊಂದು ಹೇಳುತ್ತದೆ. ಫೋನನ್ನು ಕಿವಿಯಿಂದ ತೆಗೆದು ನೋಡಿದರೆ ಪರದೆಯ ತುಂಬ ಕತ್ತಲು. ತಟ್ಟಿದರೂ ಇಲ್ಲ, ಉಜ್ಜಿದರೂ ಇಲ್ಲ. ಒತ್ತಬೇಕಾದ ಅಂಕೆ ಎಲ್ಲಿಯೂ ಕಾಣದು. ಕರೆಯನ್ನು ಮುಗಿಸುವ ಗುಂಡಿಯೂ ಸಿಕ್ಕದು. ಅತ್ತಲಿಂದಲೇ ಕರೆ ಕಡಿದುಹೋದ ಮೇಲೆ ಪರದೆಗೆ ತಾನಾಗಿಯೇ ಬೆಳಕು ಮರಳುತ್ತದೆ! ಕಾರ್ಡು ಕಳೆದುಕೊಂಡವನ ಪಾಡೇನಾಗಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಇದಕ್ಕೆ ಸರಿಯಾಗಿ ತದ್ವಿರುದ್ಧವಾದ ಪೀಡೆಯೂ ಒಂದುಂಟು. ಮಾತನಾಡುತ್ತಿರುವಾಗ ಪರದೆ ಆರುವುದೇ ಇಲ್ಲ. ಕೆನ್ನೆ ತಗುಲಿ ಮಾತು ನಿಂತುಹೋಗುತ್ತದೆ, ಕರೆ ತಡೆಹಿಡಿಯಲ್ಪಡುತ್ತದೆ, ಇಲ್ಲವೆ ಕರೆಯೇ ಮುಗಿದುಹೋಗುತ್ತದೆ. ‘ನಾನು ಹೇಳುತ್ತಿರುವಾಗಲೇ ಫೋನು ಇಟ್ಟುಬಿಟ್ಟೆಯಲ್ಲ’ ಎಂದು ಅತ್ತಲಿನವರು ಮುನಿಸಿಕೊಳ್ಳುತ್ತಾರೆ.

ಈ ಎರಡು ತೊಂದರೆಗಳಿಗೂ ಮೂಲ ಒಂದೇ. ಫೋನಿನ ಮೇಲ್ತುದಿಯಲ್ಲಿ, ಮಾತು ಕೇಳಿಸುವ ಸಣ್ಣ ಸೀಳಿನ ಆಸುಪಾಸಿನಲ್ಲಿ ಅಡಗಿರುವ ‘ಪ್ರಾಕ್ಸಿಮಿಟಿ ಸೆನ್ಸರ್’ ಎಂಬ ಪುಟ್ಟ ಉಪಕರಣವೇ ಆ ಮೂಲ. ಇದನ್ನು ಕನ್ನಡದಲ್ಲಿ ಸಾಮೀಪ್ಯ ಸಂವೇದಕ ಎನ್ನಬಹುದು. ಇದು ತಪ್ಪಾಗಿ ನಡೆದುಕೊಂಡಾಗ ‘ಸೆನ್ಸರ್ ಹೋಗಿದೆ, ಡಿಸ್‌ಪ್ಲೇಯನ್ನೇ ಬದಲಿಸಬೇಕು’ ಎಂಬ ತೀರ್ಪು ಅಂಗಡಿಯಲ್ಲಿ ಬಹು ಬೇಗ ಸಿಕ್ಕುತ್ತದೆ. ಆದರೆ ಅನೇಕ ಸಂದರ್ಭಗಳಲ್ಲಿ ಸಂವೇದಕ ಕೆಟ್ಟೇ ಇರುವುದಿಲ್ಲ. ತನಗೆ ಬಂದ ಬೆಳಕನ್ನು ಅದು ಪ್ರಾಮಾಣಿಕವಾಗಿ ಅಳೆದು ಹೇಳುತ್ತಿರುತ್ತದೆ. ಬಂದ ಬೆಳಕೇ ಬೇರೆ ಕಡೆಯದಾಗಿರುತ್ತದೆ. ಈ ವ್ಯತ್ಯಾಸವನ್ನು ಅರಿಯುವುದಕ್ಕೆ ಪ್ರೌಢಶಾಲೆಯ ಬೆಳಕಿನ ಪಾಠದಷ್ಟು ತಿಳಿವಳಿಕೆ ಸಾಕು.

ಮೊದಲು, ಇಂಥದೊಂದು ಸಂವೇದಕ ಬೇಕಾದುದೇಕೆ ಎಂಬುದನ್ನು ನೋಡೋಣ. ಗುಂಡಿಗಳಿದ್ದ ಹಳೆಯ ಫೋನುಗಳಿಗೆ ಇದರ ಅಗತ್ಯವಿರಲಿಲ್ಲ. ಕೆನ್ನೆಗೆ ಗುಂಡಿಯನ್ನು ಅದುಮುವ ಚೂಪು ಇಲ್ಲ. ಈಗಿನ ಸ್ಪರ್ಶಪರದೆಯ ವಿಚಾರ ಹಾಗಲ್ಲ. ಅದರ ಗಾಜಿನ ಕೆಳಗೆ ಪಾರದರ್ಶಕವಾದ ವಿದ್ಯುದ್ವಾಹಕ ಗೆರೆಗಳ ಬಲೆಯೊಂದು ಹರಡಿದೆ. ನಮ್ಮ ಶರೀರವೂ ವಿದ್ಯುದ್ವಾಹಕವೇ ಆದುದರಿಂದ ಬೆರಳು ಸಮೀಪಿಸಿದ ಕಡೆ ಆ ಗೆರೆಗಳ ಧಾರಕತೆ ತುಸು ಬದಲಾಗುತ್ತದೆ. ಆ ಬದಲಾವಣೆಯನ್ನೇ ಫೋನು ‘ಒತ್ತಿದರು’ ಎಂದು ಎಣಿಸುತ್ತದೆ. ಬೆರಳಿಗೂ ಕೆನ್ನೆಗೂ ಈ ಗುಣದಲ್ಲಿ ಭೇದವಿಲ್ಲ. ಆದುದರಿಂದ ಫೋನು ಕಿವಿಗೆ ಬಂದೊಡನೆ ಪರದೆಯ ಸ್ಪರ್ಶಶಕ್ತಿಯನ್ನು ತಡೆಯಲೇಬೇಕು. ಹಾಗೆಯೇ, ಯಾರೂ ನೋಡದ ಪರದೆಯನ್ನು ಉರಿಸಿ ಬ್ಯಾಟರಿಯನ್ನು ಬರಿದುಮಾಡುವುದೂ ತರವಲ್ಲ. 2007ರ ಜನವರಿಯಲ್ಲಿ ಆಪಲ್ ಸಂಸ್ಥೆ ತನ್ನ ಮೊದಲ ಐಫೋನನ್ನು ಲೋಕಕ್ಕೆ ತೋರಿಸಿದಾಗಲೇ ಅದರಲ್ಲಿ ಸಾಮೀಪ್ಯ ಸಂವೇದಕವಿದ್ದಿತು. ಮುಂದೆ ಸ್ಪರ್ಶಪರದೆಯ ಫೋನುಗಳಿಗೆ ಅದೊಂದು ಬಿಡಲಾಗದ ಅಂಗವಾಯಿತು.

ಇನ್ನು ಇದರ ರಚನೆ. ಹೆಚ್ಚಿನ ಫೋನುಗಳಲ್ಲಿ ಇದರೊಳಗೆ ಇರುವುದು ಎರಡೇ ಮುಖ್ಯ ಭಾಗಗಳು: ಕಣ್ಣಿಗೆ ಕಾಣದ ಬೆಳಕನ್ನು ಸೂಸುವ ಒಂದು ಎಲ್‌ಇಡಿ, ಆ ಬೆಳಕನ್ನು ಗ್ರಹಿಸುವ ಒಂದು ಫೋಟೋಡಯೋಡು. ಎರಡೂ ಅಕ್ಕಪಕ್ಕದಲ್ಲಿ, ಕೆಲವೇ ಮಿಲಿಮೀಟರುಗಳ ಅಂತರದಲ್ಲಿ, ಒಂದೇ ದಿಕ್ಕಿಗೆ ಮುಖಮಾಡಿ ಕುಳಿತಿರುತ್ತವೆ. ನಡುವೆ ಒಂದು ತೆಳುವಾದ ಗೋಡೆ. ಎಲ್‌ಇಡಿಯಿಂದ ಹೊರಟ ಬೆಳಕು ಎದುರಿಗಿರುವ ವಸ್ತುವಿನ ಮೇಲೆ ಬಿದ್ದು ಚದರಿ, ಅದರಲ್ಲಿ ಒಂದಂಶ ಹಿಂದಿರುಗಿ ಡಯೋಡಿನ ಮೇಲೆ ಬೀಳುತ್ತದೆ. ಹೆಚ್ಚು ಬೆಳಕು ಹಿಂದಿರುಗಿದರೆ ಏನೋ ಹತ್ತಿರದಲ್ಲಿದೆ; ಕಡಿಮೆಯಾದರೆ ಇಲ್ಲ. ಇಷ್ಟೇ ಅದರ ವಿದ್ಯೆ.

ಈ ಕಾಣದ ಬೆಳಕು ಅವಕೆಂಪು ಕಿರಣ. 1800ರಲ್ಲಿ ವಿಲಿಯಂ ಹರ್ಷೆಲ್ ಎಂಬ ಖಗೋಳಜ್ಞನು ಸೂರ್ಯನ ಬೆಳಕನ್ನು ಗಾಜಿನ ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡುತ್ತಿದ್ದನು. ಕೆಂಪಿನ ಅಂಚನ್ನು ದಾಟಿ, ಕಣ್ಣಿಗೆ ಏನೂ ಕಾಣದ ಕಡೆಯಲ್ಲಿಯೂ ಪಾದರಸ ಏರಿತು. ಅಲ್ಲಿಯೂ ಬೆಳಕಿನ ಜಾತಿಯದೇ ಆದ ಕಿರಣಗಳಿವೆ ಎಂಬುದು ಹೀಗೆ ಬೆಳಕಿಗೆ ಬಂದಿತು. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೋಮೀಟರ್ ತರಂಗದೂರದ ಬೆಳಕನ್ನು ಕಾಣಬಲ್ಲದು. ಫೋನಿನ ಸಂವೇದಕಗಳು ಬಳಸುವುದು ಸಾಮಾನ್ಯವಾಗಿ 850 ಅಥವಾ 940 ನ್ಯಾನೋಮೀಟರಿನ ಕಿರಣಗಳನ್ನು. ಟಿ.ವಿ.ಯ ರಿಮೋಟಿನಿಂದ ಹೊರಡುವುದೂ ಈ ಬಗೆಯ ಕಿರಣವೇ. 940 ನ್ಯಾನೋಮೀಟರನ್ನು ಆರಿಸುವುದರಲ್ಲಿ ಒಂದು ಜಾಣತನವಿದೆ. ವಾಯುಮಂಡಲದ ನೀರಾವಿ ಈ ತರಂಗದೂರದ ಸೂರ್ಯಪ್ರಕಾಶವನ್ನು ಸಾಕಷ್ಟು ಹೀರಿಬಿಡುತ್ತದೆ. ಹಾಗಾಗಿ ಬಿಸಿಲಿನ ಉಪಟಳ ಅಲ್ಲಿ ಕೊಂಚ ಕಡಿಮೆ.

ಆದರೂ ಬಿಸಿಲೆಂದರೆ ಬಿಸಿಲೇ. ಕೆಲವೇ ಮಿಲಿವಾಟುಗಳ ಎಲ್‌ಇಡಿ ಸೂರ್ಯನೆದುರಿಗೆ ಯಾವ ಲೆಕ್ಕ? ಇದಕ್ಕೊಂದು ಉಪಾಯ ಮಾಡಿದ್ದಾರೆ. ಎಲ್‌ಇಡಿಯನ್ನು ಸತತವಾಗಿ ಉರಿಸದೆ ಮಿಣುಕಿಸುತ್ತಾರೆ. ಅದು ಉರಿದಾಗ ಬಂದ ಬೆಳಕನ್ನು ಒಮ್ಮೆ, ಆರಿದಾಗ ಬಂದ ಬೆಳಕನ್ನು ಇನ್ನೊಮ್ಮೆ ಅಳೆದು ಒಂದರಿಂದ ಒಂದನ್ನು ಕಳೆಯುತ್ತಾರೆ. ಬಿಸಿಲು ಎರಡು ಅಳತೆಗಳಲ್ಲಿಯೂ ಸಮನಾಗಿರುವುದರಿಂದ ಕಳೆದುಹೋಗಿ, ಎಲ್‌ಇಡಿಯ ಸ್ವಂತ ಬೆಳಕು ಮಾತ್ರ ಉಳಿಯುತ್ತದೆ. ಬಿಸಿಲು ಮಿತಿಮೀರಿ ಡಯೋಡು ತಣಿದುಹೋದರೆ, ಎಂದರೆ ಇನ್ನು ಹೆಚ್ಚಿನ ಬೆಳಕನ್ನು ಗುರುತಿಸಲಾರದಷ್ಟು ತುಂಬಿಹೋದರೆ, ಈ ಕಳೆಯುವ ಲೆಕ್ಕ ಕೆಡುತ್ತದೆ. ನಡುಮಧ್ಯಾಹ್ನ ಬಯಲಿನಲ್ಲಿ ನಿಂತು ಮಾತನಾಡುವಾಗ ಮಾತ್ರ ತೊಂದರೆ ಕೊಟ್ಟು, ನೆರಳಿಗೆ ಬಂದೊಡನೆ ಸರಿಹೋಗುವ ಫೋನಿನ ರೋಗ ಇದಾಗಿರಬಹುದು.

ಇಲ್ಲಿ ಒಂದು ಮಾತನ್ನು ಮುಖ್ಯವಾಗಿ ಗಮನಿಸಬೇಕು. ಈ ಸಂವೇದಕ ದೂರವನ್ನು ಅಳೆಯುವುದಿಲ್ಲ. ಹಿಂದಿರುಗಿದ ಬೆಳಕನ್ನು ಅಳೆದು, ಅದರಿಂದ ದೂರವನ್ನು ಊಹಿಸುತ್ತದೆ. ವಿಲೋಮ ವರ್ಗ ನಿಯಮವನ್ನು ಓದಿದ ವಿದ್ಯಾರ್ಥಿಗಳಿಗೆ ಇದರ ಮರ್ಮ ತಿಳಿಯುತ್ತದೆ. ಎದುರಿಗಿರುವುದು ಕೆನ್ನೆಯಂಥ ಅಗಲವಾದ ಮೈಯಾಗಿದ್ದರೆ, ದೂರ ಇಮ್ಮಡಿಯಾದಾಗ ಹಿಂದಿರುಗುವ ಬೆಳಕು ಸುಮಾರು ನಾಲ್ಕನೆಯ ಒಂದಕ್ಕೆ ಇಳಿಯುತ್ತದೆ. ಬೆರಳತುದಿಯಂಥ ಸಣ್ಣ ವಸ್ತುವಾದರೆ ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ ನಷ್ಟವಾಗಿ ಹದಿನಾರನೆಯ ಒಂದಕ್ಕೆ ಇಳಿಯುತ್ತದೆ. ವಸ್ತುವಿನ ಮೈಗುಣವೂ ಲೆಕ್ಕಕ್ಕೆ ಸೇರುತ್ತದೆ. ಬಿಳಿಯ ಕಾಗದ 5 ಸೆಂಟಿಮೀಟರ್ ದೂರದಿಂದ ಕಳಿಸುವಷ್ಟು ಬೆಳಕನ್ನು ಕಾಡಿಗೆ ಬಳಿದ ಕಾಗದ ಬಹು ಹತ್ತಿರ ಬಂದರೂ ಕಳಿಸಲಾರದು. ಚರ್ಮದ ವಿಚಾರದಲ್ಲಿ ಮಾತ್ರ ಪ್ರಕೃತಿ ನಮಗೆ ಅನುಕೂಲ ಮಾಡಿಕೊಟ್ಟಿದೆ. ಕಣ್ಣಿಗೆ ಎದ್ದುಕಾಣುವ ಕಪ್ಪು ಬಿಳುಪು ಮೈಬಣ್ಣಗಳ ಭೇದ ಈ ಅವಕೆಂಪು ಬೆಳಕಿನಲ್ಲಿ ಬಹಳಮಟ್ಟಿಗೆ ಕರಗಿಹೋಗುತ್ತದೆ. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಈ ಕಿರಣಗಳನ್ನು ಅಷ್ಟಾಗಿ ಹೀರುವುದಿಲ್ಲ. ಆದರೆ ಕಿವಿಯ ಮೇಲೆ ಇಳಿಬಿದ್ದ ದಟ್ಟವಾದ ಕಪ್ಪು ಕೂದಲು ಬೆಳಕನ್ನು ತನ್ನೊಳಗೇ ಸಿಕ್ಕಿಸಿಕೊಂಡು ಚರ್ಮಕ್ಕಿಂತ ಕಡಿಮೆ ಬೆಳಕನ್ನು ಹಿಂದಿರುಗಿಸುತ್ತದೆ. ಅಣ್ಣನಿಗೆ ಸರಿಯಾಗಿ ನಡೆಯುವ ಫೋನು ತಂಗಿಗೆ ತೊಂದರೆ ಕೊಟ್ಟರೆ ಆಶ್ಚರ್ಯಪಡಬೇಕಾಗಿಲ್ಲ.

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ಎದುರಿಗೆ ಏನೂ ಇಲ್ಲದಿದ್ದರೂ ಡಯೋಡಿಗೆ ಸ್ವಲ್ಪ ಬೆಳಕು ಬಂದೇ ಬರುತ್ತದೆ. ಎಲ್‌ಇಡಿಯ ಬೆಳಕು ಫೋನಿನ ಗಾಜನ್ನು ದಾಟಿ ಹೊರಗೆ ಹೋಗುವಾಗ, ಗಾಜಿನ ಒಳಮೈ ಹೊರಮೈಗಳಲ್ಲಿ ಒಂದಿಷ್ಟು ಪ್ರತಿಫಲಿಸಿ ಅಡ್ಡದಾರಿಯಿಂದ ಡಯೋಡಿಗೆ ಬೀಳುತ್ತದೆ. ಇದನ್ನು ನಾವು ಸೋರುಬೆಳಕು ಎನ್ನೋಣ. ತಯಾರಕರು ಇದನ್ನು ಬಲ್ಲರು. ಆದುದರಿಂದ ಸೋರುಬೆಳಕಿಗಿಂತ ಸಾಕಷ್ಟು ಮೇಲೆ ಮಿತಿಯನ್ನು ಗೊತ್ತುಮಾಡಿರುತ್ತಾರೆ. ಅದೂ ಒಂದು ಮಿತಿಯಲ್ಲ, ಎರಡು. ಬೆಳಕು ಮೇಲಿನ ಮಿತಿಯನ್ನು ದಾಟಿದರೆ ‘ಹತ್ತಿರ’. ಅನಂತರ ಕೆಳಗಿನ ಮಿತಿಗಿಂತ ಇಳಿದರೆ ಮಾತ್ರ ‘ದೂರ’. ಒಂದೇ ಮಿತಿಯಿದ್ದಿದ್ದರೆ, ಅದರ ಗಡಿಯಲ್ಲಿ ಕೆನ್ನೆ ಅಲುಗಿದಾಗಲೆಲ್ಲ ಪರದೆ ಹತ್ತಿ ಆರಿ, ಆರಿ ಹತ್ತಿ ಕಣ್ಣಿಗೆ ಕಾಟ ಕೊಡುತ್ತಿತ್ತು.

ಕಲ್ಪನೆಯ ಅಂಕೆಗಳನ್ನಿಟ್ಟುಕೊಂಡು ಇದನ್ನು ಲೆಕ್ಕಮಾಡಿ ನೋಡೋಣ. ಸೋರುಬೆಳಕಿನ ಎಣಿಕೆ 60 ಎಂದಿರಲಿ. ಮೇಲಿನ ಮಿತಿ 200, ಕೆಳಗಿನ ಮಿತಿ 150. ಕಿವಿಯ ಬಳಿಗೆ ಬಂದಾಗ ಕೆನ್ನೆಯಿಂದ 160 ಬರುತ್ತದೆ. ಒಟ್ಟು 220, ಪರದೆ ಆರುತ್ತದೆ. ಕಿವಿಯಿಂದ ತೆಗೆದರೆ ಮತ್ತೆ 60, ಪರದೆ ಹತ್ತುತ್ತದೆ. ಎಲ್ಲವೂ ಸರಿ.

ಈಗ ಆ ಗಾಜಿನ ಮೇಲೆ ಹತ್ತು ರೂಪಾಯಿಗೋ ನೂರು ರೂಪಾಯಿಗೋ ಕೊಂಡ ಇನ್ನೊಂದು ರಕ್ಷಣಾಗಾಜನ್ನು ಅಂಟಿಸಿದೆವು. ಅದು ಸರಿಯಾಗಿ ಅಂಟದೆ ಸಂವೇದಕದ ಮೇಲೆಯೇ ಒಂದು ಗಾಳಿಗುಳ್ಳೆ ನಿಂತಿತು. ಇಲ್ಲವೆ ಅಂಚಿನಲ್ಲಿ ಧೂಳೂ ಬೆವರಿನ ಜಿಡ್ಡೂ ಸೇರಿತು. ಪ್ರತಿಫಲಿಸುವ ಮೈಗಳು ಹೆಚ್ಚಾದುವು. ಸೋರುಬೆಳಕು 60ರಿಂದ 170ಕ್ಕೆ ಏರಿತು ಎನ್ನೋಣ. ಇನ್ನು ಏನಾಗುತ್ತದೆ ನೋಡಿ. ಕರೆ ಮಾಡಿದಾಗ 170, ಮೇಲಿನ ಮಿತಿಗಿಂತ ಕಡಿಮೆ. ಆದುದರಿಂದ ಪರದೆ ಉರಿಯುತ್ತಲೇ ಇದೆ. ಕಿವಿಗಿಟ್ಟೊಡನೆ 330, ಪರದೆ ಆರಿತು. ಇದೂ ಸರಿಯೇ. ಕಿವಿಯಿಂದ ತೆಗೆದಾಗ ಎಣಿಕೆ 170ಕ್ಕೆ ಇಳಿಯಿತು. ಆದರೆ ಕೆಳಗಿನ ಮಿತಿ 150! ಅದನ್ನು ಅದು ಎಂದಿಗೂ ಮುಟ್ಟದು. ಫೋನಿನ ಎಣಿಕೆಯಲ್ಲಿ ಕೆನ್ನೆ ಇನ್ನೂ ಅಲ್ಲಿಯೇ ಇದೆ. ‘ಮೊದಲು ಚೆನ್ನಾಗಿಯೇ ಇತ್ತು, ಒಮ್ಮೆ ಕಿವಿಗಿಟ್ಟ ಮೇಲೆ ಮಾತ್ರ ಏಳುವುದಿಲ್ಲ’ ಎಂದು ಜನ ದೂರುವುದನ್ನು ಕೇಳಿದ್ದೇವಲ್ಲ, ಅದರ ಗುಟ್ಟು ಇದೇ. ಜಿಡ್ಡು ಇನ್ನಷ್ಟು ಸೇರಿ ಸೋರುಬೆಳಕು 200ನ್ನು ಮೀರಿತೆಂದರೆ, ಕಿವಿಗೆ ಒಯ್ಯುವ ಮೊದಲೇ, ಕರೆ ಮಾಡಿದ ಕ್ಷಣದಲ್ಲಿಯೇ ಪರದೆ ಕತ್ತಲಾಗುತ್ತದೆ. ತೊಂದರೆಯ ಬಗೆಯಿಂದಲೇ ಸೋರಿಕೆಯ ಪ್ರಮಾಣವನ್ನು ಅಂದಾಜುಮಾಡಬಹುದೆಂದಾಯಿತು.

ಪರದೆ ಎಂದಿಗೂ ಆರದಿರುವ ಎರಡನೆಯ ಬಗೆಯ ತೊಂದರೆಯಲ್ಲಿ ಬೆಳಕು ಹೊರಗೆ ಹೋಗುತ್ತಿಲ್ಲ, ಅಥವಾ ಒಳಗೆ ಬರುತ್ತಿಲ್ಲ. ಇದಕ್ಕೂ ರಕ್ಷಣಾಗಾಜೇ ಕಾರಣವಾಗುವುದುಂಟು. ಫೋನಿನ ಮೇಲಂಚು ಕಪ್ಪಾಗಿ ಕಾಣುತ್ತದಷ್ಟೆ. ಸಂವೇದಕದ ಮುಂದಿರುವ ಕಿಂಡಿಗೆ ಬಳಿದ ಕಪ್ಪು ಸಾಮಾನ್ಯವಾದ ಕಪ್ಪಲ್ಲ. ಅದು ಕಾಣುವ ಬೆಳಕನ್ನು ತಡೆದು ಅವಕೆಂಪು ಕಿರಣವನ್ನು ಹೋಗಗೊಡುವ ವಿಶೇಷ ಮಸಿ. ಕಣ್ಣಿಗೆ ಕಪ್ಪಾದುದೆಲ್ಲ ಅವಕೆಂಪಿಗೂ ಕಪ್ಪಾಗಿರಬೇಕೆಂಬ ನಿಯಮವಿಲ್ಲ. ಲೇಸರ್ ಮುದ್ರಣದ ಅಕ್ಷರದಲ್ಲಿ ಇಂಗಾಲದ ಪುಡಿ ಇರುವುದರಿಂದ ಅದು ಎರಡು ಬೆಳಕಿಗೂ ಕಪ್ಪು. ಬಣ್ಣದ ದ್ರಾವಣದಿಂದ ಮಾಡಿದ ಅನೇಕ ಕಪ್ಪು ಶಾಯಿಗಳು ಅವಕೆಂಪು ಬೆಳಕಿನಲ್ಲಿ ಇದ್ದೂ ಇಲ್ಲದಂತಾಗುತ್ತವೆ. ಅಗ್ಗದ ರಕ್ಷಣಾಗಾಜನ್ನು ಮಾಡುವವರು ಅಂದಕ್ಕಾಗಿ ಸುತ್ತಲೂ ಕಪ್ಪು ಅಂಚನ್ನು ಬಳಿಯುವಾಗ ಈ ಕಿಂಡಿಯ ಜಾಗವನ್ನು ಬಿಡಲು ಮರೆತರೆ, ಇಲ್ಲವೆ ಅದು ನಿಮ್ಮ ಫೋನಿಗಾಗಿ ಮಾಡಿದ ಗಾಜೇ ಅಲ್ಲದಿದ್ದರೆ, ಸಂವೇದಕದ ಕಣ್ಣಿಗೆ ಬಟ್ಟೆ ಕಟ್ಟಿದಂತೆಯೇ. ಬೆಳಕು ಆ ಮಸಿಯನ್ನು ಎರಡು ಸಲ ದಾಟಬೇಕೆಂಬುದನ್ನು ಮರೆಯಬಾರದು. ನೂರಕ್ಕೆ 30 ಪಾಲು ಬೆಳಕನ್ನು ಬಿಡುವ ಮಸಿ, ಹೋಗಿಬರುವ ಪಯಣದಲ್ಲಿ ನೂರಕ್ಕೆ 9 ಪಾಲನ್ನು ಮಾತ್ರ ಉಳಿಸುತ್ತದೆ. ನಮ್ಮ ಕೆನ್ನೆಯ 160 ಆಗ 15ಕ್ಕೂ ಕಡಿಮೆ. ಮೇಲಿನ ಮಿತಿಯ ಬಳಿಗೂ ಅದು ಸುಳಿಯದು.

ಬಣ್ಣದ ಈ ಗೋಜು ದೊಡ್ಡ ದೊಡ್ಡ ತಯಾರಕರನ್ನೂ ಕಾಡಿದೆ. ಐಫೋನ್ 4 ಮಾರುಕಟ್ಟೆಗೆ ಬಂದದ್ದು 2010ರ ಜೂನಿನಲ್ಲಿ. ಅದರ ಬಿಳಿಯ ರೂಪ ಮಾತ್ರ 2011ರ ಏಪ್ರಿಲಿನವರೆಗೆ ಹೊರಬರಲಿಲ್ಲ. ಬಿಳಿಯ ಬಣ್ಣ ಒಳಗಿನ ಸಂವೇದಕಗಳೊಡನೆ ಹೊಂದಿಕೊಳ್ಳುವಂತೆ ಮಾಡುವುದು ವಿಳಂಬದ ಕಾರಣಗಳಲ್ಲಿ ಒಂದೆಂದು ಸಂಸ್ಥೆಯವರೇ ಆಗ ತಿಳಿಸಿದರು.

ಕಾರಣಗಳು ತಿಳಿದ ಮೇಲೆ ಪರೀಕ್ಷೆ ಸುಲಭ. ನನ್ನ ವಿದ್ಯಾರ್ಥಿಯೊಬ್ಬನು ಕತ್ತಲಾಗುವ ಫೋನೊಂದನ್ನು ಪ್ರಯೋಗಶಾಲೆಗೆ ತಂದಿದ್ದನು. ಅಂಗಡಿಯೊಂದರಲ್ಲಿ ಪರದೆಯನ್ನೇ ಬದಲಿಸಬೇಕೆಂದು ಹೇಳಿದ್ದರು. ಅದರ ಖರ್ಚು ಫೋನಿನ ಬೆಲೆಯ ಅರ್ಧಕ್ಕೆ ಸಮೀಪವಾಗುತ್ತಿತ್ತು. ಊರಿನಲ್ಲಿದ್ದ ಅವನ ತಾಯಿಗೆ ಕಾಯಿಲೆಯಾಗಿದ್ದುದರಿಂದ ಫೋನಿಲ್ಲದೆ ಒಂದು ದಿನವೂ ಇರುವಂತಿರಲಿಲ್ಲ. ಅಂದು ನಾವು ಅನುಸರಿಸಿದ ಕ್ರಮವನ್ನೇ ಇಲ್ಲಿ ಕೊಡುತ್ತೇನೆ.

ಮೊದಲನೆಯದಾಗಿ, ಎಲ್‌ಇಡಿ ಉರಿಯುತ್ತಿದೆಯೇ ಎಂಬುದನ್ನು ನೋಡಬೇಕು. ಕಣ್ಣಿಗೆ ಕಾಣದ ಈ ಬೆಳಕನ್ನು ಇನ್ನೊಂದು ಫೋನಿನ ಕ್ಯಾಮರಾ ಕಾಣಬಲ್ಲದು. ಎಲ್ಲ ಕ್ಯಾಮರಾಗಳೂ ಅಲ್ಲ. ಹಿಂಬದಿಯ ಕ್ಯಾಮರಾಗಳಲ್ಲಿ ಅವಕೆಂಪನ್ನು ತಡೆಯುವ ಶೋಧಕ ಬಲವಾಗಿರುವುದುಂಟು, ಮುಂಬದಿಯವುಗಳಲ್ಲಿ ಹಲವು ವೇಳೆ ಅದು ದುರ್ಬಲ. ಟಿ.ವಿ. ರಿಮೋಟಿನ ತುದಿಯನ್ನು ಕ್ಯಾಮರಾಕ್ಕೆ ಹಿಡಿದು ಗುಂಡಿ ಒತ್ತಿದರೆ ಪರದೆಯಲ್ಲಿ ನೇರಳೆ ಛಾಯೆಯ ಬಿಳಿ ಚುಕ್ಕೆ ಮಿನುಗಬೇಕು. ಮಿನುಗಿದರೆ ಆ ಕ್ಯಾಮರಾ ನಮ್ಮ ಕೆಲಸಕ್ಕೆ ಬಂದೀತು. ಬಳಿಕ ರೋಗಿಯಾದ ಫೋನಿನಿಂದ ಯಾರಿಗಾದರೂ ಕರೆ ಮಾಡಿ, ಅದರ ಮೇಲಂಚನ್ನು ಮಬ್ಬುಬೆಳಕಿನಲ್ಲಿ ಈ ಕ್ಯಾಮರಾದಿಂದ ನೋಡಬೇಕು. ಅಲ್ಲಿಯೂ ಚುಕ್ಕೆ ಮಿಣುಕಿದರೆ ಎಲ್‌ಇಡಿ ಬದುಕಿದೆ ಎಂದು ನಿಶ್ಚಯಿಸಬಹುದು. ಕಾಣದಿದ್ದರೆ ಸತ್ತಿದೆ ಎಂದು ಒಡನೆಯೇ ತೀರ್ಮಾನಿಸುವಂತಿಲ್ಲ, ಏಕೆಂದರೆ ಆ ಮಿಣುಕು ಬಹಳ ಮಂದವಾಗಿರಬಹುದು. ನಮ್ಮ ವಿದ್ಯಾರ್ಥಿಯ ಫೋನಿನಲ್ಲಿ ಚುಕ್ಕೆ ಸ್ಪಷ್ಟವಾಗಿಯೇ ಕಂಡಿತು.

ಎರಡನೆಯದು, ಸಂವೇದಕದ ಮಾತನ್ನು ನೇರವಾಗಿ ಕೇಳುವುದು. ಸ್ಯಾಮ್‌ಸಂಗ್ ಕಂಪೆನಿಯ ಅನೇಕ ಫೋನುಗಳಲ್ಲಿ ಕರೆಮಾಡುವ ಕಡೆ *#0*# ಎಂದು ಒತ್ತಿದರೆ ಪರೀಕ್ಷೆಯ ಪುಟ ತೆರೆಯುತ್ತದೆ. ಶವೋಮಿಯ ಅನೇಕ ಫೋನುಗಳಲ್ಲಿ *#*#6484#*#* ಎಂದು ಒತ್ತಬೇಕು. ಉಳಿದ ಆಂಡ್ರಾಯ್ಡ್ ಫೋನುಗಳಿಗೆ ಸಂವೇದಕಗಳ ಅಳತೆಯನ್ನು ತೋರಿಸುವ ಉಚಿತ ಆ್ಯಪ್‌ಗಳುಂಟು. ಅಲ್ಲಿ ಬಹಳ ವೇಳೆ ಕಾಣುವುದು ಎರಡೇ ಅಂಕೆಗಳು: ಹತ್ತಿರವಾದರೆ 0, ದೂರವಾದರೆ 5. ಇದನ್ನು ನೋಡಿ ಸಂವೇದಕ ನಿಜವಾಗಿ 5 ಸೆಂಟಿಮೀಟರುಗಳನ್ನು ಅಳೆಯಿತೆಂದು ಭಾವಿಸಬಾರದು. ‘ಇದೆ’, ‘ಇಲ್ಲ’ ಎಂಬ ಎರಡು ಉತ್ತರಗಳಿಗೆ ಅಂಕೆಯ ವೇಷ ಅದು. ಬಿಳಿಯ ಕಾಗದವೊಂದನ್ನು ಮೇಲಿನಿಂದ ಮೆಲ್ಲಗೆ ತಂದು, ಮತ್ತೆ ಮೆಲ್ಲಗೆ ಒಯ್ದು, ಉತ್ತರ ಬದಲಾಗುವುದೋ ಇಲ್ಲವೋ ನೋಡಬೇಕು. ಸದಾ 0 ಬಂದರೆ ಸೋರುಬೆಳಕಿನ ಅನುಮಾನ. ಸದಾ 5 ಬಂದರೆ ತಡೆಯ ಅನುಮಾನ.

ಮೂರನೆಯದು ಒರಸುವ ಕೆಲಸ. ಇದನ್ನೇ ಮೊದಲು ಮಾಡಬಹುದಿತ್ತಲ್ಲ ಎಂದು ಕೇಳಬಹುದು. ಮಾಡಬಹುದಿತ್ತು. ಆದರೆ ಅಳತೆ ಮಾಡದೆ ಒರಸಿದರೆ, ಸರಿಹೋದದ್ದು ಏತರಿಂದ ಎಂಬುದು ತಿಳಿಯುವುದಿಲ್ಲ. ಮೆತ್ತನೆಯ ಬಟ್ಟೆಯನ್ನು ತುಸುವೇ ಒದ್ದೆಮಾಡಿ ಮೇಲಂಚನ್ನು ಒರಸಿ, ಒಣಗಿಸಿ, ಮತ್ತೆ ಕಾಗದದ ಪರೀಕ್ಷೆ ಮಾಡಬೇಕು. ಸೀಳಿನೊಳಕ್ಕೆ ಬಾಯಿಂದ ಊದುವುದು ನಮ್ಮಲ್ಲಿ ಎಲ್ಲರಿಗೂ ಅಭ್ಯಾಸ; ಅದು ಸಲ್ಲದು. ಉಸಿರಿನ ತೇವ ಒಳಗೆ ಹೋಗಿ ಗಾಜಿನ ಹಿಂಬದಿಯಲ್ಲಿ ಮಬ್ಬು ಕಟ್ಟಿದರೆ ಸೋರುಬೆಳಕು ಮತ್ತಷ್ಟು ಹೆಚ್ಚೀತು. ಫೋನಿನ ತಲೆಯನ್ನು ಅಂಗೈಗೆ ಕುಟ್ಟುವ ಚಿಕಿತ್ಸೆಯ ವಿಚಾರವಾಗಿ ಏನನ್ನೂ ಹೇಳದಿರುವುದೇ ಲೇಸು.

ಒರಸಿದರೂ ಸರಿಹೋಗದಿದ್ದರೆ ರಕ್ಷಣಾಗಾಜನ್ನೂ, ಕವಚವನ್ನೂ ತೆಗೆದುಹಾಕಿ ಪರೀಕ್ಷಿಸಬೇಕು. ಗಾಜು ಹೊಸದು, ಅದಕ್ಕೆ ಹಣ ಕೊಟ್ಟಿದ್ದೇವೆ ಎಂಬ ಮಮತೆಯಿಂದ ಜನ ಈ ಪರೀಕ್ಷೆಯನ್ನು ಕಡೆಯವರೆಗೂ ಮುಂದೂಡುತ್ತಾರೆ. ನಮ್ಮ ವಿದ್ಯಾರ್ಥಿಯೂ ಹಾಗೆಯೇ ಮಾಡಿದ್ದನು. ಗಾಜನ್ನು ಕೀಳುತ್ತಿದ್ದಂತೆಯೇ 0 ಎಂದು ಹಟ ಹಿಡಿದಿದ್ದ ಅಂಕೆ 5ಕ್ಕೆ ಹಾರಿತು. ಕಿತ್ತ ಗಾಜನ್ನೇ ಮತ್ತೆ ಸಂವೇದಕದ ಮೇಲೆ ತುಸು ಎತ್ತರದಲ್ಲಿ ಹಿಡಿದಾಗ ಮತ್ತೆ 0. ತರಗತಿಯ ಇತರರೂ ಸರದಿಯಂತೆ ಇದನ್ನು ಮಾಡಿ ನೋಡಿದರು. ಸಂವೇದಕದ ಜಾಗದಲ್ಲಿ ಕತ್ತರಿಸಿ ತೆರವು ಬಿಟ್ಟಿರುವ ಇನ್ನೊಂದು ಗಾಜನ್ನು ಹಾಕಿಸಿದ ಮೇಲೆ ಆ ಫೋನು ತಕರಾರಿಲ್ಲದೆ ನಡೆಯಿತು.

ಗಾಜು ತೆಗೆದರೂ ತೊಂದರೆ ಉಳಿದರೆ, ಮೇಲಂಚಿನ ಮೇಲೆ ಕೈ, ಬಟ್ಟೆ ಏನೂ ಇಲ್ಲದಂತೆ ಮೇಜಿನ ಮೇಲಿಟ್ಟು ಫೋನನ್ನು ಆರಿಸಿ ಮತ್ತೆ ಹೊತ್ತಿಸಬೇಕು. ಇದು ಬರಿಯ ಮಂತ್ರವಲ್ಲ. ಕೆಲವು ಫೋನುಗಳು ಏಳುವ ಹೊತ್ತಿನಲ್ಲಿಯೋ, ಕರೆ ಆರಂಭವಾಗುವ ಹೊತ್ತಿನಲ್ಲಿಯೋ ಆಗಿನ ಸೋರುಬೆಳಕನ್ನು ಅಳೆದು, ಅದಕ್ಕೆ ತಕ್ಕಂತೆ ಮಿತಿಗಳನ್ನು ಹೊಂದಿಸಿಕೊಳ್ಳುತ್ತವೆ. ಆ ಕ್ಷಣದಲ್ಲಿ ಹೆಬ್ಬೆರಳು ಸಂವೇದಕದ ಮೇಲಿದ್ದರೆ ಬೆರಳಿನ ಬೆಳಕನ್ನೇ ಸೋರುಬೆಳಕೆಂದು ಬಗೆದು, ಮಿತಿಯನ್ನು ಏರಿಸಿಬಿಡುತ್ತವೆ; ಅನಂತರ ಕೆನ್ನೆ ಬಂದರೂ ಗುರುತು ಹಿಡಿಯವು. ಕರೆಗಳನ್ನು ಮುದ್ರಿಸುವ, ಜೇಬಿನಲ್ಲಿದ್ದಾಗ ಪರದೆಯನ್ನು ಆರಿಸುವ ಆ್ಯಪ್‌ಗಳು ಸಂವೇದಕವನ್ನು ಹಿಡಿದುಕೊಂಡು ತೊಂದರೆ ಮಾಡುವುದೂ ಉಂಟು. ಆಂಡ್ರಾಯ್ಡ್ ಫೋನನ್ನು ‘ಸೇಫ್ ಮೋಡ್’ನಲ್ಲಿ ಹೊತ್ತಿಸಿದರೆ ನಾವು ಹಾಕಿಕೊಂಡ ಆ್ಯಪ್‌ಗಳು ಏಳುವುದಿಲ್ಲ, ಆಗ ಕರೆ ಸರಿಯಾಗಿ ನಡೆದರೆ ಅಪರಾಧಿ ಅವುಗಳಲ್ಲಿ ಒಂದು. ಕಂಪೆನಿಯ ತಂತ್ರಾಂಶವೇ ತಪ್ಪಿದ ಪ್ರಸಂಗವೂ ಇದೆ. ಮೇಲೆ ಹೇಳಿದ ಐಫೋನ್ 4ರಲ್ಲಿ ಕೆನ್ನೆಯಿಂದ ಕರೆ ಕಡಿದುಹೋಗುವ ದೂರುಗಳು ಬಂದುವು. 2010ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಐಓಎಸ್ 4.1ರಲ್ಲಿ ಆಪಲ್ ಇದಕ್ಕೆ ತಿದ್ದುಪಡಿ ಕಳುಹಿಸಿತು. ತಿದ್ದಿದ್ದು ತಂತ್ರಾಂಶವನ್ನು, ಒಳಗಿನ ಸಂವೇದಕ ಇದ್ದಂತೆಯೇ ಇದ್ದಿತು.

ಇಷ್ಟೆಲ್ಲ ಹೇಳಿದ್ದು ಬೆಳಕಿನ ಸಂವೇದಕಗಳ ಮಾತು. ಎಲ್ಲ ಫೋನುಗಳಲ್ಲಿಯೂ ಈ ಕಿಂಡಿ ಇರುವುದಿಲ್ಲ. ಪರದೆಯನ್ನು ಅಂಚಿನವರೆಗೂ ಹಿಗ್ಗಿಸುವ ಹಂಬಲದಲ್ಲಿ ಕೆಲವು ತಯಾರಕರು ಇದನ್ನು ಕೈಬಿಟ್ಟಿದ್ದಾರೆ. 2016ರಲ್ಲಿ ಬಂದ ಶವೋಮಿಯ ಮಿ ಮಿಕ್ಸ್ ಫೋನಿನಲ್ಲಿ ನಾರ್ವೆ ದೇಶದ ಎಲಿಪ್ಟಿಕ್ ಲ್ಯಾಬ್ಸ್ ಸಂಸ್ಥೆಯ ಏರ್ಪಾಟೊಂದಿತ್ತು. ನಮ್ಮ ಕಿವಿಗೆ ಕೇಳದ ಶ್ರವಣಾತೀತ ಧ್ವನಿಯನ್ನು ಹೊರಡಿಸಿ, ಅದರ ಮಾರ್ದನಿಯನ್ನು ಮೈಕಿನಿಂದ ಕೇಳಿ ಸಾಮೀಪ್ಯವನ್ನು ತಿಳಿಯುವ ಕ್ರಮ ಅದು. ಬಾವಲಿಯ ವಿದ್ಯೆಯೆಂದರೆ ಸಲ್ಲುತ್ತದೆ. ಇಂಥ ಫೋನಿನಲ್ಲಿ ಮೇಲಂಚಿನ ಗಾಜನ್ನು ಎಷ್ಟು ಒರಸಿದರೂ ಫಲವಿಲ್ಲ. ಧ್ವನಿ ಹೊರಡುವ ಸೀಳೂ ಮೈಕಿನ ತೂತೂ ಧೂಳಿನಿಂದ ಮುಚ್ಚಿವೆಯೇ ಎಂದು ನೋಡಬೇಕು. ಬೇರೆ ಕೆಲವು ಫೋನುಗಳಲ್ಲಿ ಲೇಸರ್ ಬೆಳಕಿನ ತುಣುಕು ಹೋಗಿ ಬರುವ ಕಾಲವನ್ನೇ ಅಳೆಯುತ್ತಾರೆ. ಬೆಳಕು ಒಂದು ನ್ಯಾನೋಸೆಕೆಂಡಿನಲ್ಲಿ ಸುಮಾರು 30 ಸೆಂಟಿಮೀಟರ್ ಹೋಗುತ್ತದೆ. 3 ಸೆಂಟಿಮೀಟರ್ ದೂರದ ಕೆನ್ನೆಗೆ ಹೋಗಿ ಬರಲು ನ್ಯಾನೋಸೆಕೆಂಡಿನ ಐದನೆಯ ಒಂದಂಶ ಸಾಕು. ಅಷ್ಟು ಸಣ್ಣ ಕಾಲವನ್ನು ಜೇಬಿನಲ್ಲಿ ಹಿಡಿಯುವ ಯಂತ್ರ ಅಳೆಯುತ್ತದೆ ಎಂಬುದು ನಿಜಕ್ಕೂ ಅದ್ಭುತ. ಈ ಬಗೆಯದು ಬೆಳಕಿನ ಮೊತ್ತವನ್ನಲ್ಲದೆ ಕಾಲವನ್ನು ನೋಡುವುದರಿಂದ ವಸ್ತು ಕಪ್ಪೋ ಬಿಳುಪೋ ಎಂಬುದಕ್ಕೆ ಅಷ್ಟಾಗಿ ಬೆಲೆಕೊಡುವುದಿಲ್ಲ.

ತೊಂದರೆ ಪರಿಹಾರವಾಗುವವರೆಗೆ ಕರೆಗಳು ನಿಲ್ಲಬೇಕಾಗಿಲ್ಲ. ಆಂಡ್ರಾಯ್ಡ್ ಫೋನಿನ ‘ಆಕ್ಸೆಸಿಬಿಲಿಟಿ’ ಸೆಟ್ಟಿಂಗಿನಲ್ಲಿ ಪಕ್ಕದ ಪವರ್ ಗುಂಡಿಯಿಂದಲೇ ಕರೆಯನ್ನು ಮುಗಿಸುವ ಅನುಕೂಲ ಸಾಮಾನ್ಯವಾಗಿ ಇರುತ್ತದೆ; ಪರದೆ ಕತ್ತಲಾದ ಮೇಲೆ ಹುಡುಕಿದರೆ ಸಿಕ್ಕದು, ಮೊದಲೇ ಹಾಕಿಟ್ಟುಕೊಳ್ಳಬೇಕು. ಅಂಕೆಗಳನ್ನು ಒತ್ತಬೇಕಾದ ಕರೆಯಾದರೆ ಇಯರ್‌ಫೋನು ಸಿಕ್ಕಿಸಿಯೋ, ಕರೆ ಹೊರಟ ಕೂಡಲೇ ಸ್ಪೀಕರ್ ಹಾಕಿಯೋ ಮಾತನಾಡುವುದು ಕ್ಷೇಮ. ಆಗ ಫೋನು ಕಿವಿಯ ಬಳಿ ಇರುವ ಪ್ರಮೇಯವಿಲ್ಲವೆಂದು ತಿಳಿದು ಸಾಮಾನ್ಯವಾಗಿ ಸಂವೇದಕದ ಮಾತಿಗೆ ಕಿವಿಗೊಡುವುದಿಲ್ಲ. ಕೆಲವು ಕಂಪೆನಿಗಳ ಫೋನಿನಲ್ಲಿ ಕರೆಯ ಸೆಟ್ಟಿಂಗಿನಲ್ಲಿಯೇ ಸಂವೇದಕವನ್ನು ನಿಲ್ಲಿಸಬಹುದು. ವಯಸ್ಸಾದವರು ಒಂಟಿಯಾಗಿರುವ ಮನೆಗಳಲ್ಲಿ ಈ ಏರ್ಪಾಟುಗಳನ್ನು ಮಕ್ಕಳೋ ಮೊಮ್ಮಕ್ಕಳೋ ಮಾಡಿಕೊಟ್ಟಿರುವುದು ಒಳ್ಳೆಯದು. ರಾತ್ರಿಯ ಹೊತ್ತು ಒಂದು ಕರೆಯನ್ನು ಮುಗಿಸಿ 112ಕ್ಕೆ ಇನ್ನೊಂದು ಕರೆ ಮಾಡಬೇಕಾದಾಗ ಪರದೆ ಏಳದಿದ್ದರೆ ಅವರು ಏನು ಮಾಡಿಯಾರು?

ಎಲ್ಲ ಪರೀಕ್ಷೆಗಳೂ ಮುಗಿದು, ಉಪಕರಣವೇ ಕೆಟ್ಟಿದೆ ಎಂದು ತೋರಿದರೆ ಅಂಗಡಿಗೆ ಹೋಗಲೇಬೇಕು. ನೀರು ಹೊಕ್ಕ ಫೋನು, ಬಿದ್ದು ಮೇಲಂಚು ಜಜ್ಜಿದ ಫೋನು ಈ ಗುಂಪಿನವು. ಪರದೆಯನ್ನು ಬದಲಿಸಿದ ಮೇಲೆಯೇ ತೊಂದರೆ ಶುರುವಾಗಿದ್ದರೆ ಬೇರೆ ಪ್ರಶ್ನೆಗಳನ್ನು ಕೇಳಬೇಕು. ಎಲ್‌ಇಡಿಗೂ ಡಯೋಡಿಗೂ ನಡುವೆ ಸೋರುಬೆಳಕನ್ನು ತಡೆಯುವ ರಬ್ಬರಿನ ಪುಟ್ಟ ಚೌಕಟ್ಟೊಂದು ಅನೇಕ ಫೋನುಗಳಲ್ಲಿರುತ್ತದೆ. ಹಳೆಯ ಪರದೆಯೊಡನೆ ಅದು ಕಸದ ಬುಟ್ಟಿಗೆ ಹೋಗಿದ್ದರೆ, ಅಥವಾ ಹೊಸ ಪರದೆಯ ಕಿಂಡಿಯಲ್ಲಿ ಅವಕೆಂಪನ್ನು ಬಿಡುವ ಮಸಿಯ ಬದಲು ಸಾಧಾರಣ ಮಸಿ ಇದ್ದರೆ, ಸಂವೇದಕವನ್ನು ಹತ್ತು ಸಲ ಬದಲಿಸಿದರೂ ಪ್ರಯೋಜನವಿಲ್ಲ. ಐಫೋನ್ ಎಕ್ಸ್ ಮೊದಲಾದ, ಮುಖವನ್ನು ಗುರುತಿಸುವ ಕೆಲವು ಐಫೋನುಗಳಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ಅಲ್ಲಿ ಸಾಮೀಪ್ಯ ಸಂವೇದಕವೂ ಮುಖ ಗುರುತಿಸುವ ಏರ್ಪಾಟಿನ ಒಂದು ಭಾಗವೂ ಮಾತು ಕೇಳಿಸುವ ಸ್ಪೀಕರಿನ ಜೊತೆಗೆ ಒಂದೇ ಪಟ್ಟಿಯ ಮೇಲಿವೆ. ಅದು ಹರಿದರೆ ಮುಖ ಗುರುತಿಸುವ ಶಕ್ತಿಯೂ ಹೋಗುತ್ತದೆ. ದುರಸ್ತಿಯಾದ ಫೋನನ್ನು ಕೈಗೆ ತೆಗೆದುಕೊಂಡ ಮೇಲೆ ಹಣ ಕೊಡುವ ಮುನ್ನ, ಅಲ್ಲಿಯೇ ನಿಂತು ಒಂದು ಕರೆ ಮಾಡಿ, ಬಿಳಿಯ ಕಾಗದವನ್ನು ಮೇಲಂಚಿಗೆ ತಂದು ಪರದೆ ಆರುವುದನ್ನೂ, ಕಾಗದವನ್ನು ಸರಿಸಿ ಅದು ಹತ್ತುವುದನ್ನೂ ನಾಲ್ಕಾರು ಸಲ ನೋಡಬೇಕು. ರಕ್ಷಣಾಗಾಜನ್ನು ಅಂಟಿಸಿಕೊಳ್ಳುವವರು ಅದನ್ನೂ ಅಂಟಿಸಿದ ಬಳಿಕ ಇದೇ ಪರೀಕ್ಷೆಯನ್ನು ಮತ್ತೊಮ್ಮೆ ಮಾಡತಕ್ಕದ್ದು.